ತಿಂಗಳಿಗೆ ಇನ್ನೂರ ಹನ್ನೆರಡು ಡಾಲರ್

ಗದಿಗೆಪ್ಪ ಮೂರನೆಯ ಸಲ ಲೆಕ್ಕ ಮಾಡಿದ. ಮೂರನೆಯ ಸಲವೂ ಇನ್ನೂರ ಹನ್ನೆರಡೇ ಬಂತು.

ಎಡಗಡೆ ವಿಮಾ ಕಂಪನಿಯ ಪತ್ರವಿತ್ತು. ಬರುವ ಜನವರಿಯಿಂದ ಅವನಿಗೂ ಹೆಂಡತಿ ವಿದ್ಯಾವತಿಗೂ ಸೇರಿ ಆರೋಗ್ಯ ವಿಮೆಯ ತಿಂಗಳ ಕಂತು, ಸರ್ಕಾರದ ನೆರವು ಕಳೆಯುವ ಮೊದಲಿನ ಪೂರ್ತಿ ದರ, ಎರಡು ಸಾವಿರದ ನಾನೂರ ಮೂವತ್ತೊಂದು. ಬಲಗಡೆ ಲ್ಯಾಪ್‌ಟಾಪಿನಲ್ಲಿ ವಿಮೆ ಕೊಳ್ಳುವ ಸರ್ಕಾರದ ಜಾಲತಾಣ ಮಾರ್ಕೆಟ್‌ಪ್ಲೇಸ್ ತೆರೆದಿತ್ತು. ಲಾಗಿನ್ ಆಗದೆ, ಮೇಲಿನ ನಾಲ್ಕಾರು ಪ್ರಶ್ನೆಗೆ ಉತ್ತರ ಒತ್ತಿದರೆ ಯಾರು ಬೇಕಾದರೂ ದರ ನೋಡಬಹುದಾದ ಪುಟ ಅದು. ಅದೇ ಕಂಪನಿ, ಅದೇ ಸಿಲ್ವರ್ ಪ್ಲಾನ್, ಅದೇ ಕೌಂಟಿ. ಅಲ್ಲಿ ಕಂಡದ್ದು ಎರಡು ಸಾವಿರದ ಇನ್ನೂರ ಹತ್ತೊಂಬತ್ತು.

ನಲವತ್ತು ಪ್ಲಾನುಗಳನ್ನು ಒಂದರ ಪಕ್ಕ ಒಂದಿಟ್ಟು ಅವನು ಆ ವಾರವೆಲ್ಲ ನೋಡಿದ್ದ. ಬ್ರಾನ್ಜ್ ಅಗ್ಗ, ಆದರೆ ಆಸ್ಪತ್ರೆಗೆ ಹೋದ ದಿನ ಸುಲಿಯುತ್ತದೆ. ಗೋಲ್ಡ್ ಪ್ರತಿ ತಿಂಗಳೂ ಸುಲಿಯುತ್ತದೆ. ಬರುವ ವರ್ಷ ನೆರವು ಇಳಿಯುತ್ತದೆ ಎಂಬ ಸುದ್ದಿ ಬಂದಾಗಿನಿಂದ ಹ್ಯೂಸ್ಟನ್ನಿನಲ್ಲಿ ಸ್ವಂತ ಕೆಲಸ ಮಾಡಿಕೊಂಡಿದ್ದ ನಮ್ಮ ಜನರೆಲ್ಲ ಇದನ್ನೇ ಮಾಡುತ್ತಿದ್ದರು. ಗದಿಗೆಪ್ಪನಿಗೆ ಇದು ಹೊಸತು. ಇಪ್ಪತ್ತಾರು ವರ್ಷ ತೈಲ ಕಂಪನಿಯೊಂದರಲ್ಲಿ ಪೈಪುಗಳ ನಕ್ಷೆ ಬರೆದವನು; ವಿಮೆಯೂ ಆ ಕಂಪನಿಯದೇ ಇತ್ತು. ಹೋದ ವರ್ಷ ನೌಕರಿ ಹೋಯಿತು. ಆಗ ವಿಮೆಯ ಅರ್ಜಿ ತುಂಬಿಕೊಟ್ಟವನು ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಪ್ರಹ್ಲಾದ್. ಧಾರವಾಡದ ಹುಡುಗ, ಲೈಸನ್ಸ್ ಇರುವ ಏಜೆಂಟ್. ಡಲ್ಲಾಸಿನಿಂದ ಹ್ಯೂಸ್ಟನ್ನಿನವರೆಗೆ ಉತ್ತರ ಕರ್ನಾಟಕದ ಮುಕ್ಕಾಲು ಮನೆಗಳ ವಿಮೆ ಅವನ ಕೈಯಲ್ಲಿತ್ತು. ಅವನಿಗೆ ಜಾಹೀರಾತಿಲ್ಲ, ಬೋರ್ಡಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುವ ಒಳ್ಳೆಯ ಮಾತೇ ಅವನ ಅನ್ನ.

"ವಿದ್ಯಾ, ಇಲ್ಲಿ ಬಾ. ನಿನ್ನ ಪ್ರಹ್ಲಾದ ನಮ್ಮ ತಲೀಮ್ಯಾಲ ಕೈಯಿಟ್ಟಾನ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ವಿದ್ಯಾವತಿ ಹ್ಯೂಸ್ಟನ್ ಬದಿಯ ಸ್ಟಾಫರ್ಡ್, ಶುಗರ್ ಲ್ಯಾಂಡ್ ಕಡೆಯ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಿದ್ದಳು. ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಅವನು ಎರಡೂ ಅಂಕಿ ತೋರಿಸಿದ. ಅವಳು ಅಂಕಿಯನ್ನು ನೋಡಲಿಲ್ಲ.

"ಬಿಡ್ರಿ. ಆ ಹುಡುಗ ಅಂಥಾವಲ್ಲ."

"ನೋಡದ ಹೇಳ್ತಿಯಲ್ಲ?"

"ಏನೋ ಟ್ಯಾಕ್ಸ್ ಇರಬೇಕು. ನೀವು ಎಲ್ಲಾದರಾಗೂ ಹುಳುಕ ಹುಡುಕ್ತೀರಿ." ಅವಳು ಹೊಲಿಗೆಯ ಕೋಣೆಗೆ ಮರಳಿದಳು. ಯಂತ್ರ ಕೂಡಲೇ ಶುರುವಾಗಲಿಲ್ಲ.

ಅದು ಸುಳ್ಳೂ ಅಲ್ಲ. ಅಂಗಡಿಯ ಬಿಲ್ಲನ್ನು ಪಾರ್ಕಿಂಗ್ ಲಾಟಿನಲ್ಲೇ ನಿಂತು ಸಾಲು ಸಾಲಾಗಿ ಓದುವವನು ಗದಿಗೆಪ್ಪ. ಜೋಳದ ಹಿಟ್ಟಿನ ಒಂದು ಚೀಲಕ್ಕೆ ಎರಡರ ದುಡ್ಡು ಹಿಡಿದಿದ್ದನ್ನು ಹಾಗೆಯೇ ಪತ್ತೆ ಮಾಡಿದ್ದ. ಅವನ ಅನುಭವದಲ್ಲಿ, ಅನುಮಾನ ಪಟ್ಟ ಹತ್ತರಲ್ಲಿ ಏಳು ಸಲವಾದರೂ ಅಲ್ಲೊಂದು ಹುಳುಕು ಇದ್ದೇ ಇತ್ತು. ಆದರೆ ಹೆಂಡತಿ ಇಷ್ಟು ಬೇಗ ಒಬ್ಬನ ಪರ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಅವಳು ಯಾರ ಪರವೂ, ಯಾರ ವಿರುದ್ಧವೂ ಮಾತಾಡುವವಳಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮೌನಕ್ಕೆ ಅವನು ಎಷ್ಟು ಹೊಂದಿಕೊಂಡಿದ್ದನೆಂದರೆ, ಅದರೊಳಗೆ ಏನಾದರೂ ಇರಬಹುದೆಂದು ಅನ್ನಿಸಿಯೇ ಇರಲಿಲ್ಲ.

ಅಂದು ಮಧ್ಯಾಹ್ನ ಅವನು ಫೋನ್ ಕಂಪನಿಯ ಅಕೌಂಟ್ ತೆರೆದ. ಮೂರು ನಂಬರುಗಳ ಫ್ಯಾಮಿಲಿ ಪ್ಲಾನ್. ಹಳೆಯ ಕರೆಗಳ ಪಟ್ಟಿ ಅಲ್ಲೇ ಇರುತ್ತದೆ. ಹೋದ ಡಿಸೆಂಬರಿನ ಹನ್ನೊಂದನೆಯ ತಾರೀಖು ಪ್ರಹ್ಲಾದನ ನಂಬರಿನಿಂದ ವಿದ್ಯಾವತಿಯ ನಂಬರಿಗೆ ಕರೆ ಬಂದಿತ್ತು. ಹತ್ತೊಂಬತ್ತು ನಿಮಿಷ. ತನ್ನ ನಂಬರಿಗೆ ಬಂದದ್ದು ಬರೀ ನಾಲ್ಕು ನಿಮಿಷದ್ದು.

ಹತ್ತೊಂಬತ್ತು ನಿಮಿಷ ಏನು ಮಾತಾಡಿದರು? ಅವನಿಗೆ ಬೇರೆ ಥರದ ಕೆಟ್ಟ ಯೋಚನೆ ಬರಲಿಲ್ಲ, ಬಂದದ್ದು ಹಣದ್ದೇ. ಹುಡುಗ ಸಲಿಗೆಯಿಂದ ಆಂಟಿ ಆಂಟಿ ಎಂದು ಅವಳಿಗೆ ಇನ್ನೊಂದು ಪಾಲಿಸಿ ಕಟ್ಟಿಸಿರಬೇಕು, ಅದನ್ನು ಇದರಲ್ಲೇ ಸೇರಿಸಿರಬೇಕು. ಅವಳಿಗೆ ಗೊತ್ತಿದ್ದೂ ಹೇಳುತ್ತಿಲ್ಲ. ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಹುಷಾರಾಗುತ್ತಾಳೆ ಎಂದುಕೊಂಡ.

ಶನಿವಾರ ಬೆಳಿಗ್ಗೆ, ಆಸ್ಟಿನ್ನಿನಲ್ಲಿ ಹಳೆಯ ಸಹೋದ್ಯೋಗಿಯನ್ನು ನೋಡಬೇಕೆಂದು ಹೇಳಿ ಕಾರು ತೆಗೆದ. ಕೊಲಂಬಸ್ ದಾಟಿ ಹೆದ್ದಾರಿ ಎಪ್ಪತ್ತೊಂದಕ್ಕೆ ಹೊರಳುವಷ್ಟರಲ್ಲಿ ಆಡಬೇಕಾದ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು.

ಪ್ರಹ್ಲಾದನ ಆಫೀಸು ಸೀಡರ್ ಪಾರ್ಕಿನ ಒಂದು ಅಂಗಡಿ ಸಾಲಿನಲ್ಲಿ, ಕ್ಷೌರದಂಗಡಿಗೂ ಕರಾಟೆ ಕ್ಲಾಸಿಗೂ ನಡುವೆ ಇತ್ತು. ಒಂದೇ ಕೋಣೆ. ಮೂವತ್ನಾಲ್ಕರ ಹುಡುಗ ಎದ್ದು ನಿಂತ.

"ಅಯ್ಯ ಅಂಕಲ್! ಫೋನ್ ಮಾಡಿದ್ರ ನಾನ ಬರ್ತಿದ್ದೆ. ಕೂಡ್ರಿ, ಚಹಾ ತರ್ತೀನಿ."

"ಚಹಾ ಆಮ್ಯಾಲ. ಒಂದ ಮಾತ ಹೇಳು. ನಾ ನಿನ್ನ ಕಡೆಯಿಂದ ಪ್ಲಾನ್ ತಗೊಂಡರ ಒಂದ ರೇಟು, ನಾನ ಸ್ವಂತ ತಗೊಂಡರ ಒಂದ ರೇಟು ಇರತೈತೇನು?"

"ಇಲ್ರಿ, ಎರಡೂ ಒಂದ ರೇಟು. ನನಗ ಕಂಪನಿ ಕೊಡ್ತದ, ನಿಮ್ಮ ಮ್ಯಾಲ ಒಂದು ಸೆಂಟೂ ಬರೂದಿಲ್ಲ."

"ಹಂಗಾರ ಇದು ಎಲ್ಲಿಂದ ಬಂತು?" ಗದಿಗೆಪ್ಪ ಪತ್ರವನ್ನೂ ಪುಟದ ಪ್ರಿಂಟನ್ನೂ ಮೇಜಿನ ಮೇಲೆ ಬಡಿದಂತೆ ಇಟ್ಟ. "ಇನ್ನೂರ ಹನ್ನೆರಡು!"

ಪ್ರಹ್ಲಾದ್ ಎರಡನ್ನೂ ನೋಡಿದ. ನೋಡುತ್ತಿದ್ದಂತೆ ಅವನ ಮುಖದಲ್ಲಿ ಏನೋ ಬದಲಾಯಿತು. ಗದಿಗೆಪ್ಪ ಅದಕ್ಕೇ ಕಾಯುತ್ತಿದ್ದ. ಸಿಕ್ಕಿಬಿದ್ದವನ ಮುಖ ಹೀಗೇ ಇರುತ್ತದೆ ಎಂದುಕೊಂಡ.

"ಅಂಕಲ್, ನೀವು ಆಂಟಿ ಅವರನ್ನ ಕೇಳೀರೇನು?"

"ಅಕೀನ್ನ ಯಾಕ ಕೇಳಬೇಕು? ನಾ ನಿನ್ನ ಕೇಳಾಕತ್ತೀನಿ."

"ಆ ಮಾತು ನಾ ಹೇಳ್ಲಿಕ್ಕೆ ಬರೂದಿಲ್ರಿ. ಅದು ಅವರ ಮಾಹಿತಿ."

"ನಾ ಅಕಿ ಗಂಡ ಅದೀನೋ!"

"ಗೊತ್ತದರಿ." ಅವನು ಪತ್ರವನ್ನು ಮಡಚಿ ಹಿಂದಕ್ಕೆ ಸರಿಸಿದ. "ಅರ್ಜಿ ನಿಮ್ಮ ಅಕೌಂಟ್‌ನ್ಯಾಗ ಅದ. ನಾ ಓದಿ ನೋಡ್ರಿ ಅಂದಿದ್ದೆ, ನೀವ ಫೋನ್‌ನ್ಯಾಗ ಸಹಿ ಒತ್ತಿಬಿಟ್ರಿ. ಆದ್ರ ದಯವಿಟ್ಟು ಮೊದಲ ಮನೀಗೆ ಹೋಗಿ ಮಾತಾಡ್ರಿ ಅಂಕಲ್. ಇಷ್ಟ ಹೇಳ್ತೀನಿ."

"ಅಂದ್ರ ಮನೀತನಕ ಹೋಗೂದ್ರಾಗ ನೀ ಅಕಿಗೆ ಫೋನ್ ಮಾಡ್ತಿ."

ಪ್ರಹ್ಲಾದ್ ಎದ್ದು ಬಾಗಿಲು ತೆರೆದು ಹಿಡಿದ. ಚಹಾದ ಮಾತನ್ನು ಮತ್ತೆ ಎತ್ತಲಿಲ್ಲ.

ಗದಿಗೆಪ್ಪ ಕಾರಿನಲ್ಲಿ ಕೂತು, ಎ.ಸಿ. ಹಾಕಿಕೊಂಡು, ಫೋನಿನಲ್ಲಿ ಮಾರ್ಕೆಟ್‌ಪ್ಲೇಸಿನ ತನ್ನ ಅಕೌಂಟ್ ತೆರೆದ. ಹೋದ ವರ್ಷದ ಅರ್ಜಿಯ ಪ್ರತಿ ಹದಿನಾಲ್ಕು ಪುಟ ಇತ್ತು. ಹೆಸರು, ಜನ್ಮದಿನಾಂಕ, ಆದಾಯ. ಒಂಬತ್ತನೆಯ ಪುಟದಲ್ಲಿ ಸಿಕ್ಕಿತು. ಕಳೆದ ಆರು ತಿಂಗಳಲ್ಲಿ ವಾರಕ್ಕೆ ನಾಲ್ಕು ಅಥವಾ ಹೆಚ್ಚು ಸಲ ತಂಬಾಕು ಬಳಸಿದ್ದೀರಾ? ಗದಿಗೆಪ್ಪ: ಇಲ್ಲ. ವಿದ್ಯಾವತಿ: ಹೌದು.

ಅವನಿಗೆ ನಗು ಬಂತು. ನಿಜವಾಗಿಯೂ ಗಟ್ಟಿಯಾಗಿ ನಕ್ಕ. ದರ ನೋಡುವ ಪುಟದಲ್ಲೂ ಈ ಪ್ರಶ್ನೆ ಇತ್ತು. ಇಬ್ಬರಿಗೂ 'ಇಲ್ಲ' ಎಂದು ಓದದೆಯೇ ಒತ್ತಿ ಮುಂದೆ ಹೋಗಿದ್ದ. ಓದಲು ಅದರಲ್ಲೇನಿದೆ? ತಂಬಾಕು ಎಂದರೆ ಕಂತು ಏರುತ್ತದೆ. ಹುಡುಗನ ಆಟ ಇಲ್ಲಿತ್ತು. ಯಾರೂ ಓದದ ಒಂಬತ್ತನೆಯ ಪುಟದಲ್ಲಿ ಒಂದು ಗುರುತು ಹಾಕಿ, ಮೇಲಿನ ದುಡ್ಡಿನಲ್ಲಿ ಕಂಪನಿಯಿಂದ ಪಾಲು ಪಡೆಯುತ್ತಾನೆ. ಇನ್ನೆಷ್ಟು ಮನೆಗಳಲ್ಲಿ ಹೀಗೆ ಮಾಡಿದ್ದಾನೋ. ತನ್ನ ಹೆಂಡತಿ! ಎಲೆ ಅಡಿಕೆಯನ್ನು ಸಹ ಮದುವೆ ಮನೆಯಲ್ಲಿ ಮಾತ್ರ ಬಾಯಿಗೆ ಹಾಕುವವಳು!

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಊರುಗಳ ಮನೆಗಳು ಸೇರಿದ ವಾಟ್ಸಾಪ್ ಗುಂಪೊಂದಿತ್ತು, ಅದನ್ನು ಎಲ್ಲರೂ 'ಬಳಗ' ಎನ್ನುತ್ತಿದ್ದರು. ನೂರ ಎಂಬತ್ತು ಜನ. ಗದಿಗೆಪ್ಪ ಒಂಬತ್ತನೆಯ ಪುಟದ ಚಿತ್ರ ತೆಗೆದು ಅಲ್ಲಿ ಹಾಕಿದ. ಕೆಳಗೆ ಬರೆದ: 'ಬಂಧುಗಳೇ, ಎಚ್ಚರ. ಸೀಡರ್ ಪಾರ್ಕಿನ ನಮ್ಮ ಏಜೆಂಟರು ನನ್ನ ಹೆಂಡತಿಯನ್ನು ತಂಬಾಕು ತಿನ್ನುವವಳೆಂದು ಬರೆದು ವರ್ಷದಿಂದ ಹೆಚ್ಚು ಕಂತು ಕಟ್ಟಿಸಿದ್ದಾರೆ. ನಿಮ್ಮ ನಿಮ್ಮ ಅರ್ಜಿ ತೆಗೆದು ನೋಡಿಕೊಳ್ಳಿ.'

ಬ್ಯಾಸ್ಟ್ರಾಪ್ ಬರುವ ಮೊದಲೇ ಫೋನು ಟಣ್ ಟಣ್ ಎನ್ನತೊಡಗಿತು. ಡಲ್ಲಾಸ್ ಬದಿಯ ಲೂಯಿಸ್‌ವಿಲ್‌ನಿಂದ ಗೆಳೆಯ ಮಹಾಬಲೇಶ್ವರನ ಕರೆ ಬಂತು.

"ಏ ಗದಿಗೆಪ್ಪಾ, ಏನೋ ಇದು? ನಮ್ಮದು ನಾಲ್ಕ ಮಂದಿ ಪಾಲಿಸಿ ಅವನ ಹಂತ್ಯಾಕ ಐತಿ!"

"ತೆಗೆದು ನೋಡು. ನಿನ್ನ ಹೆಂಡ್ತಿ ವಸಂತಾಗೂ ಬೀಡಿ ಸೇದಸಿರ್ತಾನ."

ಮಹಾಬಲೇಶ್ವರ ಗಹಗಹಿಸಿ ನಕ್ಕ. "ಬಿಡಬ್ಯಾಡ ಅವನ್ನ. ನಾವು ಮೂರ ಮನಿ ಈಗ ಅವನ ಕಡೆಯಿಂದ ಎಲ್ಲಾ ತಗಸ್ತೀವಿ."

ಗದಿಗೆಪ್ಪ ಸೀಟಿನಲ್ಲಿ ಸ್ವಲ್ಪ ನೆಟ್ಟಗೆ ಕೂತ. ನೌಕರಿ ಹೋದ ಮೇಲೆ ಯಾರೂ ಅವನ ಮಾತಿಗೆ ಇಷ್ಟು ಬೆಲೆ ಕೊಟ್ಟಿರಲಿಲ್ಲ.

ಆಮೇಲೆ ಮಗಳು ಗಾರ್ಗಿ. ಅವಳೂ ಲೂಯಿಸ್‌ವಿಲ್‌ನಲ್ಲೇ ಕೆಲಸದಲ್ಲಿದ್ದಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಪ್ಪಾ, ಡಿಲೀಟ್ ಇಟ್. ರೈಟ್ ನೌ."

"ಯಾಕವ್ವಾ? ಕೇಸ್ ಹಾಕ್ತಾನಂತೇನು? ಹಾಕಲಿ. ಪ್ರೂಫ್ ಐತಿ."

"ಓ ಗಾಡ್, ಅಪ್ಪಾ. ಜಸ್ಟ್ ಟಾಕ್ ಟು ಅಮ್ಮ."

ಕರೆ ಕಟ್ಟಾಯಿತು. ಒಂದೇ ದಿನದಲ್ಲಿ ಇಬ್ಬರು ಅದೇ ಮಾತು ಹೇಳಿದ್ದರು. ಗದಿಗೆಪ್ಪ ಗಾಡಿಯ ವೇಗ ಕಡಿಮೆ ಮಾಡಿದ. ಯಾಕೆ ಕಡಿಮೆ ಮಾಡಿದನೆಂದು ಅವನಿಗೆ ತಿಳಿಯಲಿಲ್ಲ.

ಮನೆ ತಲುಪಿದಾಗ ನಾಲ್ಕು ಗಂಟೆ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿತ್ತು. ವಿದ್ಯಾವತಿ ಅಡುಗೆಮನೆಯ ಮೇಜಿನ ಬಳಿ ಕೂತಿದ್ದಳು. ಎದುರಿಗೆ ಫೋನು ಬೋರಲಾಗಿ ಬಿದ್ದಿತ್ತು.

"ಎಂಟ ಮಂದಿ ಫೋನ್ ಮಾಡಿದ್ರು," ಎಂದಳು. "ಪಾಪ, ನಿಮ್ಮ ಬಗ್ಗೆ ಎಂಥಾ ಸುಳ್ಳ ಬರದಾನ ನೋಡ್ರಿ ವೈನಿ, ಅಂತ."

"ಮತ್ತ? ಸುಳ್ಳಲ್ಲೇನು?"

"ಅದು ಖರೆ ಐತ್ರಿ."

ಅವನು ನಿಂತೇ ಇದ್ದ.

"ನಾ ಹಚ್ಕೋತೀನಲ್ಲ, ಕರೀ ಪುಡಿ. ಅದು ಮಶೇರಿ. ತಂಬಾಕ ಹಂಚಿನ ಮ್ಯಾಲ ಹುರದು ಕರಿದು ಮಾಡಿ ಕುಟ್ಟೂದು. ನಮ್ಮ ನಿಪ್ಪಾಣ್ಯಾಗ ಎಲ್ಲಾ ಹೆಂಗಸರೂ ತಿಕ್ಕತಾರ. ನನಗ ಹನ್ನೆರಡ ವರ್ಷಕ್ಕ ದವಡಿ ಹಲ್ಲ ನೋಯ್ತಿತ್ತು, ಆಯಿ ಹಚ್ಚಿದ್ಲು. ಅವತ್ತ ಹಿಡದದ್ದು."

"ಅದು ಹಲ್ಲಿನ ಪುಡಿ."

"ಹಲ್ಲಿಗೇ ಹಚ್ಚೂದು."

ನಿಪ್ಪಾಣಿಯಲ್ಲಿ ವಿದ್ಯಾವತಿಯ ತಮ್ಮ ಅಪ್ಪಾಸಾಹೇಬನಿದ್ದ. ಪ್ರತಿ ಸಲ ಊರಿಗೆ ಹೋದಾಗಲೂ ಅವನು ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, 'ಭಾವಾ, ಅಕ್ಕನ ಹಲ್ಲಿನ ಪುಡಿ' ಎಂದು ಒಂದು ಕಿಲೋ ಕೈಗಿಡುತ್ತಿದ್ದ. ಗದಿಗೆಪ್ಪನೇ ಅದನ್ನು ಸೂಟ್‌ಕೇಸಿನಲ್ಲಿಟ್ಟು ತಂದಿದ್ದ. ಒಮ್ಮೆ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಮೂಸಿ ನೋಡಿದಾಗ, ಗಿಡಮೂಲಿಕೆ ಎಂದು ಅವನೇ ವಾದಿಸಿ ಬಿಡಿಸಿಕೊಂಡು ಬಂದಿದ್ದ. ಗದಗಿನ ಅವನ ಮನೆಯಲ್ಲಿ ಯಾರೂ ಅದನ್ನು ಬಳಸಿದವರಲ್ಲ. ಇಲ್ಲಿ ಸ್ಟಾಫರ್ಡಿನ ಮನೆಯಲ್ಲಿ ಬೆಳಗಿನ ಹೊತ್ತು ಬಚ್ಚಲಿನಲ್ಲಿ ಒಂದು ಘಾಟು ವಾಸನೆ ಇರುತ್ತಿತ್ತು. ಅದು ಆ ಮನೆಯ ವಾಸನೆ ಎಂದು ಅವನು ತಿಳಿದಿದ್ದ.

"ಗಾರ್ಗಿಗೆ ಗೊತ್ತೇನು?"

"ಹೈಸ್ಕೂಲಿನ್ಯಾಗ ಇದ್ದಾಗ ಕೇಳಿದ್ಲು, ಏನಮ್ಮ ಅದು ಅಂತ. ಹೇಳಿದೆ. ಹಲ್ಲಿನ ಡಾಕ್ಟರ್ ಪ್ರತಿಸಲ ಕೇಳ್ತಾಳ. ಅಕಿಗೂ ಗೊತ್ತೈತಿ. ಬಿಡಂತಾಳ. ಎರಡ ಸಲ ಬಿಟ್ಟಿದ್ದೆ."

ಎರಡು ಸಲ ಬಿಟ್ಟಿದ್ದಳು. ಆ ದಿನಗಳು ಯಾವುವು? ಅವಳು ಕಾರಣವಿಲ್ಲದೆ ಸಿಡುಕಿದ, ತಲೆನೋವೆಂದು ಮಲಗಿದ ಯಾವುದೋ ವಾರವಿರಬೇಕು. ಅವನು ಹುಡುಕಿದ, ಸಿಗಲಿಲ್ಲ.

"ಮತ್ತ ಆ ಹುಡುಗಗ? ಹೊರಗಿನವಗ ಹೇಳ್ತಿ, ನನಗ ಹೇಳೂದಿಲ್ಲ?"

"ಅಂವ ಒಂದೊಂದ ಪ್ರಶ್ನೆ ಓದಿದ, ಕನ್ನಡದಾಗ ಬಿಡಿಸಿ ಹೇಳಿದ. ಕೆಳಗ ಖರೆ ಐತಿ ಅಂತ ಸಹಿ ಬೀಳತೈತಿ ಆಂಟಿ ಅಂದ. ಅಂವ ಕೇಳಿದ, ನಾ ಹೇಳಿದೆ." ಅವಳು ಮೊದಲ ಸಲ ತಲೆಯೆತ್ತಿದಳು. "ನೀವು ಎಂದರ ಕೇಳೀರೇನು?"

ಗದಿಗೆಪ್ಪ ಕೇಳದೆ ಬಿಟ್ಟವನಲ್ಲ. ಬಿಲ್ಲು ಕೇಳಿದ್ದ, ರಶೀದಿ ಕೇಳಿದ್ದ, ಫೋನಿನಲ್ಲಿ ಯಾರು, ಎಷ್ಟು ಹೊತ್ತು ಎಂದು ಅವಳಿಗೆ ತಿಳಿಯದ ಹಾಗೆ ನೋಡಿದ್ದ. ಕುರ್ಚಿ ಎಳೆದು ಕೂತ.

ಫೋನು ಮತ್ತೆ ಟಣ್ ಎಂದಿತು. ಬಳಗದಲ್ಲಿ ಮಹಾಬಲೇಶ್ವರ ಬರೆದಿದ್ದ: ಐದು ಮನೆಯವರು ಪ್ರಹ್ಲಾದನನ್ನು ಬಿಟ್ಟರು, ಒಬ್ಬರು ರಾಜ್ಯದ ವಿಮಾ ಇಲಾಖೆಗೆ ದೂರು ಬರೆಯುತ್ತಿದ್ದಾರೆ, ಉಳಿದವರೂ ಕೈಜೋಡಿಸಬೇಕು.

"ಅಳಿಸಿಬಿಡ್ರಿ ಅದನ್ನ," ಎಂದಳು.

"ಅಳಿಸಿದರ ಏನ ಬಂತು? ಎಲ್ಲಾ ಕಡೆ ಫಾರ್ವರ್ಡ್ ಆಗೇತಿ. ನಿಲ್ಲು. ನಾ ಬರೀತೀನಿ. ಸಿಸ್ಟಮ್‌ನ್ಯಾಗ ತಾನ ತಪ್ಪಾಗಿತ್ತು, ಅವಂದೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ ಅಂತ."

ಬರೆದ. ಒಂದು ನಿಮಿಷದೊಳಗೆ ಉತ್ತರ ಬಂತು: 'ಸಿಸ್ಟಮ್ ಹೇಗೆ ಹೌದು ಅನ್ನುತ್ತದೆ? ಅವನೇ ನಿಮ್ಮನ್ನು ಹೆದರಿಸಿ ಬರೆಸುತ್ತಿದ್ದಾನೆಯೇ? ಅಂಜಬೇಡಿ ಅಂಕಲ್.' ಇನ್ನೊಬ್ಬರದು: 'ಎಷ್ಟು ಕೊಟ್ಟು ಬಾಯಿ ಮುಚ್ಚಿಸಿದ?' ಮೂರನೆಯವರು ನಗುವ ಮುಖ ಹಾಕಿದ್ದರು.

ತಾನು ಇಷ್ಟು ವರ್ಷ ಜನರನ್ನು ನೋಡಿದ ಕಣ್ಣು ಇದೇ ಎಂದು ಗದಿಗೆಪ್ಪನಿಗೆ ಹೊಳೆಯಿತು. ಅವರಿಗೆ ಹೇಳಲು ಉಳಿದದ್ದು ನಿಜವೊಂದೇ. ಅದನ್ನು ಹೇಳುವ ಹಕ್ಕು ಅವನದಲ್ಲ. ನಾಳೆ ದೀಪಾವಳಿ ಕೂಟ, ನಾಡಿದ್ದು ಇನ್ಯಾರದೋ ಗೃಹಪ್ರವೇಶ. ಹೇಳಿದರೆ ಹೋದಲ್ಲೆಲ್ಲ ಹೆಂಗಸರು ಅವಳ ಹಲ್ಲು ನೋಡುತ್ತಾರೆ. ಬ್ಲೌಸಿನ ಬಟ್ಟೆ ಮೂಸಿಯೂ ನೋಡಬಹುದು. ಹೇಳದಿದ್ದರೆ ಸೀಡರ್ ಪಾರ್ಕಿನ ಆ ಕೋಣೆಗೆ ಬೀಗ ಬೀಳುತ್ತದೆ.

"ಅಂವ ನನ್ನ ಮುಂದೂ ಹೇಳಲಿಲ್ಲ," ಎಂದ ಗದಿಗೆಪ್ಪ. "ಎಷ್ಟ ಬೈದೆ. ಆಂಟೀನ್ನ ಕೇಳ್ರಿ ಅಂದ, ಅಷ್ಟ."

ವಿದ್ಯಾವತಿ ಫೋನನ್ನು ಸರಿ ತಿರುಗಿಸಿದಳು. ಸೆರಗಿನಿಂದ ಒಮ್ಮೆ ತುಟಿ ಒರೆಸಿಕೊಂಡಳು, ಫೋಟೊ ತೆಗೆಯುವ ಮೊದಲು ಒರೆಸಿಕೊಳ್ಳುವ ಹಾಗೆ. ಮೈಕಿನ ಗುರುತಿನ ಮೇಲೆ ಬೆರಳಿಟ್ಟಳು.

"ನಾ ಸ್ಟಾಫರ್ಡಿನ ವಿದ್ಯಾವತಿ ಮಾತಾಡಾಕತ್ತೀನ್ರಿ. ಪ್ರಹ್ಲಾದ ಬರದದ್ದು ಖರೆ ಐತಿ. ನಾ ಸಣ್ಣಕ್ಕಿದ್ದಾಗಿಂದ ಮಶೇರಿ ಹಚ್ಚತೀನಿ, ಅದು ತಂಬಾಕ. ನಾನ ಅವಂಗ ಹೇಳಿದ್ದು. ನಮ್ಮ ಮನೆಯವರಿಗೆ ಗೊತ್ತಿದ್ದಿಲ್ಲ. ಆ ಹುಡುಗಂದು ಏನೂ ತಪ್ಪಿಲ್ಲ. ಯಾರೂ ದೂರ ಬರೀಬ್ಯಾಡ್ರಿ."

ಬೆರಳು ತೆಗೆದಳು. ಹೋಯಿತು. ಅವನ ಮುಖವನ್ನು ನೋಡಿ ಅನುಮತಿ ಕೇಳಲಿಲ್ಲ.

ಬಳಗದಲ್ಲಿ ನೂರು ಜನ ಕೇಳಿಸಿಕೊಂಡದ್ದು ಕಾಣುತ್ತಿತ್ತು, ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಮಹಾಬಲೇಶ್ವರ ತನ್ನ ಸಂದೇಶವನ್ನು ಅಳಿಸಿದ. ಅಷ್ಟೇ.

ಪ್ರಹ್ಲಾದನಿಂದ ಗದಿಗೆಪ್ಪನಿಗೆ ಸಂದೇಶ ಬಂದದ್ದು ಸೋಮವಾರ. 'ಅಂಕಲ್, ಬಿಟ್ಟುಹೋದ ಐದರಲ್ಲಿ ಮೂರು ಮನೆ ವಾಪಸ್ ಬಂದಿವೆ. ಆಂಟಿಯವರಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಫೈಲನ್ನು ಮಾತ್ರ ನಾನು ಇನ್ನು ನೋಡುವುದಿಲ್ಲ. ಡಿಸೆಂಬರ್ ಹದಿನೈದರೊಳಗೆ ಬೇರೆಯವರ ಕಡೆ ಮಾಡಿಸಿಕೊಳ್ಳಿ, ಇಲ್ಲವೇ ನೀವೇ ತುಂಬಬಹುದು.' ಗದಿಗೆಪ್ಪ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. ಕ್ಷಮಿಸು ಎಂದು ಬರೆದು ಕಳಿಸಿದ. ಅದಕ್ಕೆ ಉತ್ತರ ಬರಲಿಲ್ಲ.

ಮರುದಿನ ಚಹಾ ಆದ ಮೇಲೆ ಅವನು ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿಗೆ ತಂದ. ವಿದ್ಯಾವತಿ ಹುಕ್ಕು ಹಚ್ಚುವ ಬ್ಲೌಸ್ ಹಿಡಿದು ಎದುರಿಗೆ ಕೂತಳು. ಅವನು ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಓದಿದ. ಅವಳ ಜನ್ಮದಿನಾಂಕ ಗೊತ್ತಿದ್ದರೂ ಕೇಳಿದ. ಹೊಲಿಗೆಯಿಂದ ಬರುವ ಆದಾಯ ಎಷ್ಟೆಂದು ಕೇಳಿದಾಗ ಅವಳು ಹೇಳಿದ ಅಂಕಿ ಅವನು ತಿಳಿದದ್ದಕ್ಕಿಂತ ಹೆಚ್ಚಿತ್ತು. ತಟ್ಟನೆ ಕೇಳಲು ಬಾಯಿ ತೆರೆದ, ಮುಚ್ಚಿದ, ಅವಳು ಹೇಳಿದಷ್ಟನ್ನೇ ಬರೆದ.

ಆ ಪ್ರಶ್ನೆ ಬಂತು. ಪೂರ್ತಿ ಓದಿದ.

"ಹೌದು," ಎಂದಳು.

ಒತ್ತಿದ. ಅಂಕಿ ಏರಿತು.

"ದಿನಾ ಎಷ್ಟ ಸಲ ಹಚ್ಚತಿ?"

ಸೂಜಿ ನಿಂತಿತು. "ಅದೂ ಕೇಳ್ಯಾರೇನು ಅದರಾಗ?"

"ಇಲ್ಲ. ನಾ ಕೇಳಾಕತ್ತೀನಿ."

ವಿದ್ಯಾವತಿ ಹಲ್ಲಿನಿಂದ ದಾರ ಕಡಿದು, ಇನ್ನೊಂದು ಹುಕ್ಕನ್ನು ಎತ್ತಿಕೊಂಡಳು. ಹೇಳುತ್ತಾಳೋ ಇಲ್ಲವೋ ಎಂದು ಅವನು ಪರದೆ ನೋಡದೆ ಕಾದ.

"ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ," ಎಂದಳು. "ನೀವು ನೌಕರಿ ಕಳಕೊಂಡ ಮ್ಯಾಲ ಮಧ್ಯಾಹ್ನನೂ."